ಶಾಲು, ಪದಕ ಮತ್ತು ಸಂಬಳದ ಚೀಟಿ



ನೌಕರರನ್ನು ಗುರುತಿಸಿ ಗೌರವಿಸುವುದರಿಂದ ಸಂಸ್ಥೆಯೊಂದರ ಸಂಸ್ಕೃತಿ ಹೇಗೆ ಗಟ್ಟಿಯಾಗುತ್ತದೆ ಎಂಬುದು ಇವತ್ತು ನನಗೆ ಒಪ್ಪಿಸಿರುವ ವಿಷಯ. ಮುಂದಿನ ಸಾಲುಗಳಲ್ಲಿ ಕೂತಿರುವ ಎಂಬಿಎ ವಿದ್ಯಾರ್ಥಿಗಳಿಗೆ ಇದರ ಉತ್ತರ ಬಾಯಿಪಾಠ ಇರುತ್ತದೆ. ತಿಂಗಳ ಉತ್ತಮ ನೌಕರ, ಐದು ವರ್ಷಕ್ಕೊಂದು ಸ್ಮರಣಿಕೆ, ಹುಟ್ಟುಹಬ್ಬಕ್ಕೆ ಕೇಕು, ವರ್ಷಕ್ಕೊಮ್ಮೆ ಕುಟುಂಬ ದಿನ. ಇವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿ ಬಹುಕಾಲ ಕೂತು, ಇಂಥ ಸಮಾರಂಭಗಳಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಎಣಿಸಿ ತರಿಸಿದವನು ನಾನು. ಅಲ್ಲಿ ಕೂತು ಕಂಡುಕೊಂಡದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸ ಬಲ್ಲವರ ಮೆಚ್ಚುಗೆಯನ್ನು ಮಾತ್ರ ಕೆಲಸಗಾರ ಮನಸ್ಸಿಗೆ ಹಚ್ಚಿಕೊಳ್ಳುತ್ತಾನೆ. ಅದೂ ಸಂಬಳದ ಲೆಕ್ಕ ನೆಟ್ಟಗಿದ್ದಾಗ.

ಇಪ್ಪತ್ತೈದು ವರ್ಷ ಸೇವೆ ಮುಗಿಸಿದವರಿಗೆ ನಮ್ಮಲ್ಲಿ ಒಂದು ಸಮಾರಂಭ ಇತ್ತು. ಅಭಿನಂದನಾ ಪತ್ರಗಳನ್ನು ಒಟ್ಟಿಗೇ ಅಚ್ಚು ಹಾಕಿಸುತ್ತಿದ್ದೆವು. ‘ಶ್ರೀ’ ಎಂಬುದರ ಮುಂದೆ ಚುಕ್ಕಿಗಳ ಸಾಲು. ಅದರ ಮೇಲೆ ನಮ್ಮ ಗುಮಾಸ್ತರು ದುಂಡಗೆ ಹೆಸರು ಬರೆಯುವರು. ಕರ್ತವ್ಯನಿಷ್ಠೆ, ಪ್ರಾಮಾಣಿಕತೆ, ಸಹಕಾರ ಮನೋಭಾವ: ಟೂಲ್ ರೂಮಿನವನಿಗೂ ಅದೇ ಮೂರು ಗುಣ, ಕ್ಯಾಂಟೀನಿನ ಅಡುಗೆಯವನಿಗೂ ಅದೇ, ಆಂಬುಲೆನ್ಸ್ ಡ್ರೈವರಿಗೂ ಅದೇ. ವೇದಿಕೆಯ ಮೇಲೆ ದೊಡ್ಡ ಸಾಹೇಬರು ಹಾರ ಹಾಕಿ, ಕೈ ಕುಲುಕಿ, ಫೋಟೊಗೆ ಮುಖ ತಿರುಗಿಸುತ್ತ ಮೆಲ್ಲಗೆ ಕೇಳುವ ಪ್ರಶ್ನೆಯೂ ಒಂದೇ: “ಯಾವ ಸೆಕ್ಷನ್ನು?” ಇಪ್ಪತ್ತೈದು ವರ್ಷದ ಮೇಲೆ ಆ ಪ್ರಶ್ನೆ!

ಅದೇ ಟೂಲ್ ರೂಮಿನಲ್ಲಿ ಒಬ್ಬ ಫೋರ್‌ಮನ್ ಇದ್ದರು. ಬಾಯಿ ಬಿಟ್ಟು ಯಾರನ್ನೂ ಹೊಗಳಿದವರಲ್ಲ. ಗ್ರೈಂಡಿಂಗ್ ಮುಗಿದ ಜಾಬ್ ಮೇಜಿನ ಮೇಲೆ ಬಂದರೆ ಕಾಟನ್ ವೇಸ್ಟಿನಿಂದ ಎಣ್ಣೆ ಒರೆಸುವರು. ಮೈಕ್ರೋಮೀಟರ್ ಹಿಡಿದು ನಾಲ್ಕು ಕಡೆ ಅಳೆಯುವರು. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಅಂಚಿನ ಮೇಲೆ ಉಗುರು ಆಡಿಸುವರು. ಎಲ್ಲ ಸರಿಯಿದ್ದರೆ ಕನ್ನಡಕ ಮೇಲಕ್ಕೆ ಸರಿಸಿ, “ಆ ಜರ್ಮನ್ ಡ್ರಾಯಿಂಗ್ ಇದೆಯಲ್ಲ, ಅದನ್ನ ನೀನೇ ತಗೊಳಪ್ಪ” ಎನ್ನುವರು. ಎಲ್ಲರೂ ಕೈಹಾಕಲು ಹಿಂಜರಿಯುತ್ತಿದ್ದ ಜಾಬ್ ಅದು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಹೊತ್ತಿಗೆ ಆ ಮಾತು ಮೂರು ಶೆಡ್ಡು ದಾಟಿರುತ್ತಿತ್ತು. ಸಾಹೇಬರು ಯಾರಿಗೆ ಹಾರ ಹಾಕಿದರು ಎಂಬುದನ್ನು ಮಾರನೆಯ ದಿನ ಯಾರೂ ಆಡಿಕೊಂಡದ್ದನ್ನು ನಾನು ಕೇಳಲಿಲ್ಲ. ಜರ್ಮನ್ ಡ್ರಾಯಿಂಗ್ ಯಾರ ಕೈಗೆ ಹೋಯಿತು ಎಂಬ ಮಾತು ಮಾತ್ರ ವಾರಗಟ್ಟಲೆ ಓಡಾಡುತ್ತಿತ್ತು.

ಇದಕ್ಕೆ ಪುಸ್ತಕದ ಬೆಂಬಲವೂ ಇದೆ. ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಅವರ ಸಂಗಡಿಗರು ಅಮೆರಿಕದ ಪಿಟ್ಸ್‌ಬರ್ಗ್ ಸುತ್ತಿನ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಕೂರಿಸಿ, ಕೆಲಸದಲ್ಲಿ ತುಂಬ ಖುಷಿಯಾದ ಗಳಿಗೆ ಯಾವುದು, ತುಂಬ ಬೇಸರವಾದದ್ದು ಯಾವಾಗ ಎಂದು ಕೇಳಿ 1959ರಲ್ಲಿ ಒಂದು ಪುಸ್ತಕ ತಂದರು. ಖುಷಿಯ ಕಥೆಗಳಲ್ಲಿ ಮೆಚ್ಚುಗೆ ಸಿಕ್ಕ ಪ್ರಸಂಗಗಳು ಮತ್ತೆ ಮತ್ತೆ ಬಂದವು. ನಮ್ಮ ತರಗತಿಗಳಲ್ಲಿ ಪಾಠ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಅದೇ ಪುಸ್ತಕ ಇನ್ನೊಂದು ಮಾತನ್ನೂ ಹೇಳುತ್ತದೆ: ಮೆಚ್ಚುಗೆಯಿಂದ ಬಂದ ಖುಷಿ ಬೇಗ ಆರಿಹೋಗುತ್ತಿತ್ತು, ಕೆಲಸದ ಸ್ವಾರಸ್ಯ, ಹೊಣೆ, ಬಡ್ತಿ ಇವುಗಳಿಂದ ಬಂದ ಖುಷಿ ಹೆಚ್ಚು ಕಾಲ ಬಾಳುತ್ತಿತ್ತು. ನಮ್ಮ ಫೋರ್‌ಮನ್ ಹರ್ಜ್‌ಬರ್ಗನ ಹೆಸರು ಕೇಳಿದವರಲ್ಲ. ಆದರೂ ಅವರು ಕೊಟ್ಟದ್ದು ಶಾಲನ್ನಲ್ಲ, ಹೊಣೆಯನ್ನು.

ಇನ್ನು ಕೆಲವು ಕೆಲಸಗಳಿವೆ. ಅವು ಎಷ್ಟು ಚೆನ್ನಾಗಿ ನಡೆದರೆ ಅಷ್ಟು ಕಣ್ಣಿಗೆ ಬೀಳುವುದಿಲ್ಲ. ಬಾಯ್ಲರ್ ನೋಡಿಕೊಳ್ಳುವವನ ಕೆಲಸ, ಕಂಪನಿಯ ಸರ್ವರ್ ಕಾಯುವವರ ಕೆಲಸ, ನೀರಿನ ವಾಲ್ವ್ ತಿರುಗಿಸುವವನ ಕೆಲಸ. ಕೆಟ್ಟಾಗ ಮಾತ್ರ ಅವರ ಹೆಸರು ನೆನಪಾಗುತ್ತದೆ, ಅದೂ ಬೈಯಲು. ಇಂಥ ಕೆಲಸವನ್ನು ಮೆಚ್ಚುವುದು ಹೇಗೆ? ನಮ್ಮ ರಾಜ್ಯದ ಸಾರಿಗೆ ನಿಗಮಗಳು ಇದಕ್ಕೊಂದು ದಾರಿ ಕಂಡುಕೊಂಡಿವೆ. ಅದನ್ನು ಆಡಳಿತಶಾಸ್ತ್ರದ ವಿದ್ಯಾರ್ಥಿಗಳು ಹತ್ತಿರದಿಂದ ನೋಡಬೇಕು. 5 ವರ್ಷ ಅಪಘಾತವಿಲ್ಲದೆ ಬಸ್ಸು ಓಡಿಸಿದ ಚಾಲಕರಿಗೆ ಬೆಳ್ಳಿ ಪದಕ. 15 ವರ್ಷ ಓಡಿಸಿದವರಿಗೆ ಮುಖ್ಯಮಂತ್ರಿಗಳ ಚಿನ್ನದ ಪದಕ. ಈ ಪದಕ ಸಲ್ಲುವುದು ಯಾವ ಸಾಹಸಕ್ಕೂ ಅಲ್ಲ, ಏನೂ ನಡೆಯದೆ ಹೋದದ್ದಕ್ಕೆ. ಮಳೆಗಾಲದ ಶಿರಾಡಿ ಘಾಟಿ, ಹೆದ್ದಾರಿಗೆ ನುಗ್ಗುವ ದನ, ಎಡಗಡೆಯಿಂದ ತೂರಿಕೊಳ್ಳುವ ಬೈಕು, ನಿದ್ದೆ ಎಳೆಯುವ ಬೆಳಗಿನ ಜಾವದ ನಾಲ್ಕು ಗಂಟೆ. ಇವೆಲ್ಲ 15 ವರ್ಷ ಎದುರಿಗೆ ಬಂದು ಏನೂ ಆಗದೆ ಹೋದವು. ಪತ್ರಿಕೆಗೆ ಅದು ಸುದ್ದಿಯಲ್ಲ. ಪ್ರಯಾಣಿಕ ಇಳಿದು ಮನೆಗೆ ಹೋದ, ಮರೆತ. ನೆನಪಿಟ್ಟುಕೊಂಡದ್ದು ಡಿಪೋದ ದಾಖಲೆಯೊಂದೇ.

ಆ ದಾಖಲೆಯ ಮಹತ್ವ ಸಣ್ಣದಲ್ಲ. ವರ್ಷದ ಕೊನೆಗೆ ಯಾರೋ ಮೇಲಧಿಕಾರಿ ‘ಒಳ್ಳೆಯ ಹುಡುಗ’ ಎಂದು ಹೆಸರು ಸೂಚಿಸಿದ್ದರಿಂದ ಬರುವ ಪದಕವಲ್ಲ ಇದು. ಡಿಪೋ ಮ್ಯಾನೇಜರಿಗೆ ಚಾಲಕನ ಮುಖ ಕಂಡರಾಗದಿದ್ದರೂ ಲೆಕ್ಕ ಲೆಕ್ಕವೇ. ಅಳತೆ ಎಲ್ಲರಿಗೂ ಮೊದಲೇ ಗೊತ್ತಿದೆ, ಎಷ್ಟು ಜನ ಅದನ್ನು ಮುಟ್ಟುತ್ತಾರೋ ಅಷ್ಟು ಜನಕ್ಕೂ ಪದಕ. ಒಬ್ಬನಿಗೆ ಬಂದರೆ ಇನ್ನೊಬ್ಬನಿಗೆ ತಪ್ಪುವುದಿಲ್ಲ. ಖಾಸಗಿ ಕಂಪನಿಗಳ ಎಷ್ಟೋ ಝಗಮಗ ಪ್ರಶಸ್ತಿಗಳಿಗೆ ಈ ಗುಣಗಳಿಲ್ಲ. ಹಾಗೆಂದು ಪದ್ಧತಿಗೆ ಕೊರತೆ ಇಲ್ಲವೆಂದಲ್ಲ. ಆ 15 ವರ್ಷಗಳಲ್ಲಿ ರಾತ್ರಿಪಾಳಿಯಲ್ಲಿ ಬಸ್ಸಿನ ಅಡಿಗೆ ಮಲಗಿ ಬ್ರೇಕು ಬಿಗಿ ಮಾಡಿದ ಮೆಕ್ಯಾನಿಕ್‌ನ ಪಾಲೆಷ್ಟು ಎಂಬುದನ್ನು ಚಾಲಕನ ಪದಕ ಹೇಳಲಾರದು.

ಮೆಕ್ಯಾನಿಕ್ ಮತ್ತು ಚಾಲಕರ ನಡುವೆ ನಡೆಯುವ ಒಂದು ಸಂಗತಿಯಂತೂ ಯಾವ ಸಮಾರಂಭಕ್ಕಿಂತ ದೊಡ್ಡದು ಎಂದು ನನಗನಿಸುತ್ತದೆ. ರಾತ್ರಿ ಬಸ್ಸು ತಂದು ನಿಲ್ಲಿಸಿದ ಚಾಲಕ ಗಾಡಿಯಲ್ಲಿ ಕಂಡ ದೋಷವನ್ನು ಡಿಪೋದ ಪುಸ್ತಕದಲ್ಲಿ ಬರೆದು ಹೋಗುತ್ತಾನೆ: ‘ಬ್ರೇಕು ಎಡಕ್ಕೆ ಎಳೆಯುತ್ತದೆ’, ‘ಸ್ಟೇರಿಂಗ್ ಪ್ಲೇ ಜಾಸ್ತಿ’. ಬೆಳಿಗ್ಗೆ ಅದೇ ಗಾಡಿ ಹತ್ತಿದಾಗ ಬ್ರೇಕು ನೆಟ್ಟಗಿದ್ದರೆ ತನ್ನ ಮಾತನ್ನು ಯಾರೋ ನಂಬಿದ್ದಾರೆ ಎಂದು ಅವನಿಗೆ ತಿಳಿಯುತ್ತದೆ. ಮೂರು ರಾತ್ರಿ ಬರೆದರೂ ಬ್ರೇಕು ಹಾಗೇ ಇದ್ದರೆ ನಾಲ್ಕನೆಯ ರಾತ್ರಿ ಬರೆಯುವುದನ್ನು ಬಿಡುತ್ತಾನೆ. ಆಮೇಲೆ ನೀವು ಅವನಿಗೆ ಯಾವ ಪದಕ ಕೊಟ್ಟರೂ ಆ ಪುಸ್ತಕ ಖಾಲಿಯೇ ಇರುತ್ತದೆ. ಕೆಲಸಗಾರನ ಮಾತು ಕೇಳುವುದಕ್ಕೆ ಕಾರ್ಖಾನೆಯ ಉದಾಹರಣೆಯೂ ಇದೆ. ಜಪಾನಿನ ಟೊಯೊಟಾ 1951ರಲ್ಲಿ ಕಾರ್ಮಿಕರಿಂದ ಸಲಹೆ ಪಡೆಯುವ ವ್ಯವಸ್ಥೆ ಶುರುಮಾಡಿತು. ಆ ಕಂಪನಿಯ ಐಜಿ ಟೊಯೊಡಾ ಅದರ ಹಿಂದಿನ ವರ್ಷ ಅಮೆರಿಕಕ್ಕೆ ಹೋಗಿ ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯಲ್ಲಿ ಸಲಹಾ ಪೆಟ್ಟಿಗೆ ಪದ್ಧತಿ ನೋಡಿಬಂದಿದ್ದರು. ಪೆಟ್ಟಿಗೆ ಗೋಡೆಗೆ ಹೊಡೆಯುವುದು ಸುಲಭ. ಅಂಥ ಪೆಟ್ಟಿಗೆಗಳು ನಮ್ಮ ಕಚೇರಿಗಳಲ್ಲೂ ಬೀಗ ತುಕ್ಕು ಹಿಡಿದು ನೇತಾಡುತ್ತಿವೆ. ಟೊಯೊಟಾ ಮಾಡಿದ ಹೆಚ್ಚುಗಾರಿಕೆ ಎಂದರೆ ಸಲಹೆಗೆ ಉತ್ತರ ಕೊಟ್ಟದ್ದು. ಅವರ ಜೋಡಣೆಯ ಸಾಲಿನಲ್ಲಿ ಏನೋ ಸರಿಯಿಲ್ಲ ಎನಿಸಿದ ಕಾರ್ಮಿಕ ಎಚ್ಚರಿಕೆಯ ಹಗ್ಗ ಎಳೆಯಬಹುದು. ಎಳೆದ ಕೂಡಲೇ ಆ ತಂಡದ ಮುಖ್ಯಸ್ಥ ಅವನ ಬಳಿಗೆ ಓಡಿ ಬರಬೇಕು; ಅಷ್ಟರಲ್ಲಿ ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ. ಮೇಲಿನವನು ಕೆಳಗಿನವನ ಬಳಿಗೆ ಬರುವ ಆ ನಾಲ್ಕು ಹೆಜ್ಜೆಯಲ್ಲಿ ಎಷ್ಟು ಮಾನ ಇದೆ ಎಂಬುದು ಬಹಳ ಕಾಲ ಕೈಕಟ್ಟಿ ನಿಂತವರಿಗೆ ಗೊತ್ತು.

ಈಗ ದುಡ್ಡಿನ ಮಾತಿಗೆ ಬರುತ್ತೇನೆ. ದತ್ತಿ ಉಪನ್ಯಾಸದಲ್ಲಿ ದುಡ್ಡಿನ ಮಾತೇ ಎಂದು ಹಿರಿಯರು ಮೂಗು ಮುರಿಯಬಾರದು. ದತ್ತಿಯೂ ಬ್ಯಾಂಕಿನಲ್ಲಿಟ್ಟ ದುಡ್ಡೇ ತಾನೆ.

ಪದಕ ಕೊಡುವ ಅದೇ ಸಾರಿಗೆ ನಿಗಮಗಳ ನೌಕರರು 2020ರ ಡಿಸೆಂಬರಿನಲ್ಲಿ, ಮತ್ತೆ 2021ರ ಏಪ್ರಿಲಿನಲ್ಲಿ ಮುಷ್ಕರ ಹೂಡಿದರು. ತಮ್ಮನ್ನು ಸರ್ಕಾರಿ ನೌಕರರಂತೆ ಕಾಣಬೇಕು, 6ನೇ ವೇತನ ಆಯೋಗದ ಸಂಬಳ ಕೊಡಬೇಕು ಎಂಬುದು ಬೇಡಿಕೆ. ಅದರ ನ್ಯಾಯಾನ್ಯಾಯ ಇಲ್ಲಿ ಬೇಡ. ಬೇಡಿಕೆಯಲ್ಲಿ ಮೊತ್ತ ಎಷ್ಟಿತ್ತೋ ಹೋಲಿಕೆಯೂ ಅಷ್ಟೇ ಇತ್ತು ಎಂಬುದನ್ನು ಮಾತ್ರ ಗಮನಿಸಿ: ಸರ್ಕಾರದ ಕೆಲಸವನ್ನೇ ಮಾಡುವ ನಾವು ಸರ್ಕಾರದವರಲ್ಲವೆ? ಇದು ಹೊಸದೇನಲ್ಲ. 1980ರ ಡಿಸೆಂಬರ್ ಕೊನೆಗೆ ಶುರುವಾಗಿ 77 ದಿನ ನಡೆದ ಬೆಂಗಳೂರಿನ ಸಾರ್ವಜನಿಕ ಉದ್ದಿಮೆಗಳ ಮುಷ್ಕರ ಈ ಸಭೆಯಲ್ಲಿ ಕೆಲವರಿಗಾದರೂ ನೆನಪಿರಬಹುದು. ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್, ಐಟಿಐ, ಬಿಇಎಂಎಲ್ ಎಲ್ಲ ನಿಂತವು. ವಸತಿ, ಶಾಲೆ, ಆಸ್ಪತ್ರೆ, ಅಗ್ಗದ ಕ್ಯಾಂಟೀನು ಒದಗಿಸಿದ್ದ ಕಾರ್ಖಾನೆಗಳು ಅವು. ಆ ಕಾಲಕ್ಕೆ ಅಲ್ಲಿ ಕೆಲಸ ಸಿಕ್ಕ ಹುಡುಗನಿಗೆ ಹೆಣ್ಣು ಕೊಡಲು ಜನ ಸಾಲು ನಿಲ್ಲುತ್ತಿದ್ದರು. ಆದರೂ ಏಕೆ ನಿಂತವು? ಅದೇ ಕೇಂದ್ರ ಸರ್ಕಾರದ ಬಿಎಚ್‌ಇಎಲ್ ಕಾರ್ಮಿಕರಿಗೆ ಹೆಚ್ಚು ಸಂಬಳವಿತ್ತು. ಅದಕ್ಕೆ ಸಮ ಕೊಡಿ ಎಂಬುದು ಮುಖ್ಯ ಬೇಡಿಕೆ. ಒಬ್ಬನೇ ಯಜಮಾನ ಒಂದೇ ಥರದ ಕೆಲಸಕ್ಕೆ ಎರಡು ಥರ ಬೆಲೆ ಕಟ್ಟಿದರೆ ಕಡಿಮೆ ಬೆಲೆ ಬಿದ್ದವನಿಗೆ ಆಗುವ ಅವಮಾನವನ್ನು ಕ್ರೀಡಾಕೂಟ, ಆರ್ಕೆಸ್ಟ್ರಾ ಯಾವುದೂ ತೊಡೆಯಲಾರದು.

ಇನ್ನೂ ಹಿಂದಕ್ಕೆ, ಮುಂಬಯಿಗೆ ಹೋಗೋಣ. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಬಟ್ಟೆ ಗಿರಣಿಗಳಿಗೆ ಲಾಭವೋ ಲಾಭ. ಕಾಳುಕಡ್ಡಿ ದುಬಾರಿಯಾಗಿ ಕಾರ್ಮಿಕರಲ್ಲಿ ಗುಜುಗುಜು ಎದ್ದಿತ್ತು. ಮಾಲೀಕರು 1917ರಲ್ಲಿ ಸಂಬಳದ ಮೇಲೆ ನೂರಕ್ಕೆ 10ರಂತೆ ಯುದ್ಧದ ಬೋನಸ್ ಕೊಟ್ಟರು, ಆಮೇಲೆ ಅದನ್ನು ಹೆಚ್ಚಿಸಿದರು. ಕೊಡುವಾಗ ಅದು ಮಾಲೀಕರ ಔದಾರ್ಯ. ವರ್ಷ ವರ್ಷ ಬರತೊಡಗಿದ ಮೇಲೆ ಕಾರ್ಮಿಕನ ಲೆಕ್ಕದಲ್ಲಿ ಅದು ತನಗೆ ಬರಬೇಕಾದ ಬಾಕಿ. ಅದನ್ನು ನಂಬಿ ಸಾಲ ಮಾಡಿದ್ದಾನೆ, ಮಗಳ ಮದುವೆ ಗೊತ್ತುಮಾಡಿದ್ದಾನೆ. ಲಾಭ ಇಳಿಯಿತೆಂದು 1923ರ ಬೋನಸ್ ಕೊಡಲು ಮಾಲೀಕರು ನಿರಾಕರಿಸಿದರು. 1924ರ ಆರಂಭದಲ್ಲಿ ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರು ಗಿರಣಿಗಳಿಂದ ಹೊರಗೆ ಬಂದರು. ವಿಚಾರಣೆಗೆ ಕೂತದ್ದು ಮುಂಬಯಿ ಮುಖ್ಯ ನ್ಯಾಯಾಧೀಶ ನಾರ್ಮನ್ ಮ್ಯಾಕ್ಲಿಯಾಡ್ ಅವರ ಸಮಿತಿ. ಕಾನೂನಿನ ಕಣ್ಣಲ್ಲಿ ನಿಲ್ಲುವ ಹಕ್ಕು ಕಾರ್ಮಿಕರಿಗಿಲ್ಲ ಎಂದು ಅದು ತೀರ್ಮಾನ ಕೊಟ್ಟಿತು. ಕಾರ್ಮಿಕರು ಸೋತು ಮರಳಿದರು. ಆದರೆ ಆ ಲೆಕ್ಕಾಚಾರ ಸಾಯಲಿಲ್ಲ. 1965ರಲ್ಲಿ ಬೋನಸ್ ಪಾವತಿ ಕಾಯ್ದೆ ಬಂತು. ಕನಿಷ್ಠ ಬೋನಸ್ ಮುಂದೆ ಶೇಕಡಾ 8.33ಕ್ಕೆ ನಿಂತಿತು. ಹನ್ನೆರಡು ತಿಂಗಳ ಸಂಬಳದಲ್ಲಿ ಅದು ಸರಿಯಾಗಿ ಒಂದು ತಿಂಗಳ ಪಾಲು. ಇವತ್ತಿಗೂ ಕೆಲವು ಮಾಲೀಕರು ದೀಪಾವಳಿ ಬೋನಸ್ಸನ್ನು ತಮ್ಮ ಕೈಯಾರೆ, ಫೋಟೊಗ್ರಾಫರ್ ನಿಲ್ಲಿಸಿಕೊಂಡು ಹಂಚುವುದನ್ನು ನೋಡಿದರೆ ನನಗೆ ನಗು ಬರುತ್ತದೆ. ಕಾಯ್ದೆಯ ಪ್ರಕಾರ ಕೊಡಲೇಬೇಕಾದದ್ದನ್ನು ಪ್ರೀತಿಯ ಕಾಣಿಕೆ ಎಂದರೆ ಪಡೆಯುವವನಿಗೆ ಗೊತ್ತಾಗುವುದಿಲ್ಲವೆ?

ಸಂಬಳವೇ ಸರಿಯಾಗಿ ಬರದ ಕಡೆ ಏನಾಗುತ್ತದೆ ಎಂಬುದನ್ನು ನೋಡಲು ಮುಂಬಯಿಗೂ ಹೋಗಬೇಕಿಲ್ಲ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರ ಬೆಳಿಗ್ಗೆ ರಾತ್ರಿಪಾಳಿ ಮುಗಿಸಿದವರು ಗಾಜು, ಪೀಠೋಪಕರಣ, ವಾಹನ ಪುಡಿಪುಡಿ ಮಾಡಿದರು. ಪುಡಿಗಟ್ಟುವುದನ್ನು ಸಮರ್ಥಿಸಲು ನಾನು ಇಲ್ಲಿ ನಿಂತಿಲ್ಲ. ಆದರೆ ಕೆಲವು ಕಾರ್ಮಿಕರಿಗೆ ಸಂಬಳ ಸರಿಯಾಗಿ, ಸಮಯಕ್ಕೆ ಹೋಗಿರಲಿಲ್ಲ ಎಂದು ವಾರದೊಳಗೆ ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು. ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಹೊಸ ಆರ್ಡರ್ ತಡೆಹಿಡಿಯಿತು. ಆ ಕಾರ್ಮಿಕರಲ್ಲಿ ಬಹುಪಾಲು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಹಾಜರಾತಿ ಒಬ್ಬರ ಬಳಿ, ಸಂಬಳ ಇನ್ನೊಬ್ಬರ ಬಳಿ ಇರುವಾಗ ಕೆಲಸ ನೋಡಿದ ಕಣ್ಣಿಗೂ ಚೀಟಿ ಬರೆಯುವ ಕೈಗೂ ಸಂಬಂಧವೇ ಉಳಿಯುವುದಿಲ್ಲ.

ಇಲ್ಲಿ ವಿದ್ಯಾರ್ಥಿಗಳು ಹಾಥಾರ್ನ್ ಪ್ರಯೋಗದ ಹೆಸರೆತ್ತಿ ನನ್ನ ಬಾಯಿ ಮುಚ್ಚಿಸಬಹುದು. ದುಡ್ಡಿಗಿಂತ ಗಮನವೇ ದೊಡ್ಡದು ಎಂದು ಸಾಧಿಸಲು ಎಲ್ಲರೂ ಎತ್ತಿಕೊಳ್ಳುವ ಕಥೆ ಅದು. ಷಿಕಾಗೊ ಪಕ್ಕದ ಸಿಸರೊದಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ದೊಡ್ಡ ಕಾರ್ಖಾನೆ. ಟೆಲಿಫೋನಿನ ಭಾಗಗಳು ಅಲ್ಲಿ ತಯಾರಾಗುತ್ತಿದ್ದವು. 1924ರಲ್ಲಿ ಬೆಳಕು ಹೆಚ್ಚುಕಡಿಮೆ ಮಾಡಿ ನೋಡಿದರು, ಫಲಿತಾಂಶ ಗೋಜಲಾಯಿತು. 1927ರಲ್ಲಿ ರಿಲೇ ಜೋಡಿಸುವ ಐವರು ಯುವತಿಯರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ನಡುವೆ ವಿಶ್ರಾಂತಿ ಕೊಟ್ಟರು, ತಿಂಡಿ ಕೊಟ್ಟರು, ಬೇಗ ಮನೆಗೆ ಬಿಟ್ಟರು. ಕೆಲಸ ಏರುತ್ತ ಹೋಯಿತು. ತಮ್ಮನ್ನು ಯಾರೋ ಗಮನಿಸುತ್ತಿದ್ದಾರೆ ಎಂಬ ಭಾವನೆಯೇ ಇದಕ್ಕೆ ಕಾರಣ ಎಂಬ ನೀತಿಯನ್ನು ಎಲ್ಟನ್ ಮೇಯೊ ಅವರ ಹೆಸರಿನ ಜೊತೆ ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೇವೆ.

ನೋಟ್ಸಿನಲ್ಲಿ ಬಿಟ್ಟುಹೋಗುವ ಎರಡು ಸಂಗತಿಗಳಿವೆ. ಆ ಕೋಣೆಗೆ ಬರುವ ಮುನ್ನ ಆ ಯುವತಿಯರ ಗಳಿಕೆ ಸುಮಾರು ನೂರು ಮಂದಿಯ ದೊಡ್ಡ ಗುಂಪಿನ ಉತ್ಪಾದನೆಗೆ ಅಂಟಿಕೊಂಡಿತ್ತು. ಇಲ್ಲಿ ಐವರದೇ ಒಂದು ಗುಂಪಾಯಿತು. ಹೆಚ್ಚು ಜೋಡಿಸಿದರೆ ಹೆಚ್ಚು ದುಡ್ಡು ತಮ್ಮ ಕೈಗೇ ಬರುತ್ತದೆ ಎಂಬುದು ಕಣ್ಣೆದುರಿಗೇ ಇತ್ತು. ಎರಡನೆಯದು, ಮಾತು ಜಾಸ್ತಿ, ಸಹಕಾರ ಸಾಲದು ಎಂದು ಅವರಲ್ಲಿ ಇಬ್ಬರನ್ನು 1928ರ ಆರಂಭದಲ್ಲಿ ತೆಗೆದು ಬೇರೆಯವರನ್ನು ಕೂರಿಸಿದರು. ಅಲೆಕ್ಸ್ ಕ್ಯಾರಿ ಎಂಬ ವಿದ್ವಾಂಸರು 1967ರಲ್ಲಿ ಇದನ್ನೆಲ್ಲ ಬಿಡಿಸಿಟ್ಟು ಕಟುವಾಗಿ ಬರೆದರು. ನನ್ನ ಅಭಿಪ್ರಾಯ ಕ್ಯಾರಿಯವರಷ್ಟು ಖಾರವಿಲ್ಲ. ಆ ಕೋಣೆಯಲ್ಲಿ ಗಮನವೂ ಇತ್ತು, ಕಾಸೂ ಇತ್ತು, ಭಯವೂ ಇತ್ತು. ನಮಗೆ ಹಿತವಾದ ಒಂದನ್ನು ಮಾತ್ರ ಹೆಕ್ಕಿಕೊಂಡು ಬಂದೆವು. ಅದೇ ಕಾರ್ಖಾನೆಯಲ್ಲಿ ಆಮೇಲೆ ಸುಮಾರು 21,000 ನೌಕರರನ್ನು ಕೂರಿಸಿ ಅವರ ಅಹವಾಲು ಕೇಳಿದರು. ಅದು ಐವರ ಕೋಣೆಗಿಂತ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ನಮ್ಮ ಪಠ್ಯಗಳಲ್ಲಿ ಅದಕ್ಕೆ ಒಂದೇ ಸಾಲು.

ಸಾಫ್ಟ್‌ವೇರ್ ಕಂಪನಿಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇಲ್ಲಿರುವ ಅನೇಕರು ನನಗಿಂತ ಚೆನ್ನಾಗಿ ಬಲ್ಲರು. ಜನರಲ್ ಎಲೆಕ್ಟ್ರಿಕ್‌ನ ಜ್ಯಾಕ್ ವೆಲ್ಚ್ ಕಾಲದಲ್ಲಿ ಹೆಸರಾದ ಒಂದು ಪದ್ಧತಿ: ನೌಕರರಲ್ಲಿ 20 ಭಾಗ ಮೇಲಿನವರು, 70 ಭಾಗ ನಡುವಿನವರು, 10 ಭಾಗ ಕೆಳಗಿನವರು, ಕೆಳಗಿನ ಹತ್ತಕ್ಕೆ ಬಾಗಿಲು. ಇದು ಬೆಲ್ ಕರ್ವ್ ಎಂಬ ಹೆಸರಲ್ಲಿ ಬೆಂಗಳೂರಿನ ಎಷ್ಟೋ ಮನೆಗಳ ಮಾರ್ಚ್-ಏಪ್ರಿಲ್ ತಿಂಗಳ ನಿದ್ದೆ ಕೆಡಿಸಿತು. ತಂಡದಲ್ಲಿ ಹತ್ತೂ ಜನ ಚೆನ್ನಾಗಿ ದುಡಿದರೂ ಒಬ್ಬನನ್ನು ಕೆಳಗೆ ತೋರಿಸಲೇಬೇಕು. ಪಕ್ಕದವನಿಗೆ ಶಭಾಷ್ ಎಂದರೆ ಅಷ್ಟರಮಟ್ಟಿಗೆ ನನ್ನ ಬುಡಕ್ಕೆ ಕೊಡಲಿ! ಮೈಕ್ರೋಸಾಫ್ಟ್ 2013ರಲ್ಲಿ ಇದನ್ನು ಕೈಬಿಟ್ಟಿತು, ಇನ್ಫೋಸಿಸ್ 2015ರಲ್ಲಿ. ಈಗ ಆ್ಯಪ್‌ನಲ್ಲಿ ಒಬ್ಬರಿಗೊಬ್ಬರು ಅಂಕ ಕಳಿಸುವ ಕಾಲ. ಅಂಕ ಕೂಡಿಸಿಟ್ಟರೆ ಮಿಕ್ಸಿಯೋ ಬ್ಯಾಗೋ ಬರುತ್ತದೆ. ತಪ್ಪಿಲ್ಲ. ಆದರೆ ಕಳಿಸುವ ಸಂದೇಶಗಳನ್ನು ಓದಿ ನೋಡಿ, ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಸಲ್ಲುವಂತಿರುತ್ತವೆ. ನಮ್ಮ ಹಳೆಯ ಅಚ್ಚಿನ ಅಭಿನಂದನಾ ಪತ್ರಕ್ಕೆ ಹೊಸ ಬಣ್ಣ, ಅಷ್ಟೆ.

ನೌಕರರನ್ನು ಚೆನ್ನಾಗಿ ನೋಡಿಕೊಂಡರೆ ಕಂಪನಿ ಬೆಳೆಯುತ್ತದೆ ಎಂದು ಭಾಷಣಕಾರರು ಆಣೆ ಮಾಡುವುದುಂಟು. ಹಾಗೆ ಆಣೆ ಮಾಡಲು ನನ್ನಿಂದಾಗದು. 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಕೈಗಡಿಯಾರ ಮಾಡತೊಡಗಿತು. ಈ ನಾಡಿನ ಎಷ್ಟು ಜನ ಮೇಷ್ಟ್ರು, ಗುಮಾಸ್ತರು, ಪೋಸ್ಟ್‌ಮನ್‌ಗಳ ನಿವೃತ್ತಿಯ ದಿನ ಎಚ್‌ಎಂಟಿ ವಾಚು ಕೈಗೆ ಕಟ್ಟಿದೆವೋ! ಇನ್ನೊಬ್ಬರ ಸೇವೆಗೆ ಕೊಡುವ ಉಡುಗೊರೆಯನ್ನು ತಯಾರಿಸುತ್ತಿದ್ದ ಕಾರ್ಖಾನೆ ಅದು. ಆಯುಧಪೂಜೆಯ ದಿನ ಅಂಥ ಕಾರ್ಖಾನೆಗಳನ್ನು ನೋಡಬೇಕಿತ್ತು. ಯಂತ್ರಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು ಕಡಲೆಪುರಿ ಹಂಚುವರು. ವರ್ಷವೆಲ್ಲ ಮುಚ್ಚಿದ ಗೇಟು ಅಂದು ಹೆಂಡತಿ ಮಕ್ಕಳಿಗೂ ತೆರೆಯುತ್ತಿತ್ತು. ಮನೆಯಲ್ಲಿ ಎರಡು ಮಾತಾಡದ ಟರ್ನರ್ ಅಂದು ತನ್ನ ಲೇತಿನ ಮುಂದೆ ನಿಂತು, ಈ ಹಿಡಿ ಏನು, ಆ ಗಾಲಿ ಏನು, ಕೂದಲೆಳೆಗಿಂತ ಸಣ್ಣ ಅಳತೆ ಹಿಡಿಯುವುದು ಹೇಗೆ ಎಂದು ಮಗಳಿಗೆ ಗಂಟೆಗಟ್ಟಲೆ ವಿವರಿಸುವನು. ಸಾಹೇಬರು ಬಂದರೂ ಅವನ ಮಾತು ನಿಲ್ಲುತ್ತಿರಲಿಲ್ಲ. ಸಾಹೇಬರೇ ಕೇಳುತ್ತ ನಿಲ್ಲುವರು. ನಾನು ಕಂಡ ಕಾರ್ಮಿಕ ಗೌರವದ ಕಾರ್ಯಕ್ರಮಗಳಲ್ಲಿ ಅತ್ಯುತ್ತಮವಾದದ್ದು ಇದೇ. ಯಾರೂ ಅದನ್ನು ಗೌರವ ಕಾರ್ಯಕ್ರಮವೆಂದು ಯೋಜಿಸಿರಲಿಲ್ಲ. ಆದರೂ ಎಚ್‌ಎಂಟಿಯ ವಾಚು ಘಟಕಗಳು ಉಳಿಯಲಿಲ್ಲ. ಕ್ವಾರ್ಟ್ಜ್ ಬಂತು, ಟೈಟಾನ್ ಬಂತು, ಕೀಲಿ ಕೊಡುವ ವಾಚು ಕೇಳುವವರು ಕಡಿಮೆಯಾದರು. ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಮಾರುಕಟ್ಟೆ ಹೊರಗೆ ಬದಲಾದರೆ ಒಳಗಿನ ಬಾಂಧವ್ಯ ಒಂದರಿಂದಲೇ ಕಂಪನಿ ಬದುಕುವುದಿಲ್ಲ. ಲಾಭ ತರುತ್ತದೆಂಬ ಕಾರಣಕ್ಕೆ ಮಾತ್ರ ನೌಕರನನ್ನು ಗೌರವಿಸುವವರು, ಲಾಭ ಇಳಿದ ದಿನ ಆ ಗೌರವವನ್ನೂ ಖರ್ಚಿನ ಪಟ್ಟಿಯಿಂದ ಹೊಡೆದುಹಾಕುತ್ತಾರೆ ಎಂಬುದಕ್ಕಾಗಿ ಇದನ್ನು ಹೇಳಿದೆ.

ಇನ್ನು, ಯಾರು ನೌಕರರ ಪಟ್ಟಿಯಲ್ಲೇ ಇಲ್ಲ? ಸೆಪ್ಟೆಂಬರ್ 23 ನಮ್ಮಲ್ಲಿ ಪೌರಕಾರ್ಮಿಕರ ದಿನ. ಅಂದು ಊರೂರಲ್ಲಿ ಅವರಿಗೆ ಶಾಲು, ಹಾರ, ಸಿಹಿ ಊಟ. ಕೆಲವೆಡೆ ಜನಪ್ರತಿನಿಧಿಗಳು ಪಾದಪೂಜೆಯನ್ನೂ ಮಾಡಿ ಫೋಟೊ ತೆಗೆಸಿಕೊಂಡಿದ್ದಾರೆ. ಪೌರಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಲು ಐ.ಪಿ.ಡಿ. ಸಾಲಪ್ಪನವರ ಸಮಿತಿ ಕೂತದ್ದು 1970ರ ದಶಕದಲ್ಲಿ. ಅದಾಗಿ ದಶಕಗಳ ಮೇಲೂ, 2022ರ ಜುಲೈ ಮೊದಲ ವಾರ, ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಮಳೆಯಲ್ಲಿ ಕೂತ ಹೆಣ್ಣುಮಕ್ಕಳು ಕೇಳಿದ್ದು ಪಾದಪೂಜೆಯನ್ನಲ್ಲ. ಕೆಲಸ ಕಾಯಂ ಮಾಡಿ, ಕುಡಿಯಲು ನೀರು ಕೊಡಿ, ಶೌಚಾಲಯ ಕೊಡಿ, ಹೆರಿಗೆ ರಜೆ ಕೊಡಿ ಎಂದರು. ಇಡೀ ನಗರದ ಕಸ ಗುಡಿಸುವವರಿಗೆ ಕೆಲಸದ ಜಾಗದಲ್ಲಿ ಶೌಚಾಲಯವಿರಲಿಲ್ಲ! 11,133 ಮಂದಿಯನ್ನು ಕಾಯಂ ಮಾಡುವ ತೀರ್ಮಾನ ಅದೇ ವರ್ಷ ಸಂಪುಟದಲ್ಲಾಯಿತು. ಕಸದ ಗಾಡಿಯ ಡ್ರೈವರುಗಳು, ಸಹಾಯಕರು ಆ ಪಟ್ಟಿಯ ಹೊರಗೇ ಉಳಿದರು.

ನಿಮ್ಮ ಕಚೇರಿಯಲ್ಲೇ ಇದನ್ನು ಪರೀಕ್ಷಿಸಬಹುದು. ವಾರ್ಷಿಕೋತ್ಸವದ ಆಮಂತ್ರಣ ಯಾರಿಗೆ ಹೋಗುತ್ತದೆ, ಅಂದು ಕುರ್ಚಿ ಹಾಕುವವರು ಯಾರು ಎಂದು ಒಮ್ಮೆ ನೋಡಿ. ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಬ್ ಓಡಿಸುವವರು, ಕ್ಯಾಂಟೀನಿನವರು ಬೇರೆ ಬೇರೆ ಏಜೆನ್ಸಿಗಳ ಲೆಕ್ಕ. ಹತ್ತು ವರ್ಷದಿಂದ ಅದೇ ಗೇಟಿನಲ್ಲಿ ನಿಂತ ಕಾವಲುಗಾರ ಕಂಪನಿಯ ಕಡತದಲ್ಲಿ ನೌಕರನೇ ಅಲ್ಲ. ಏಜೆನ್ಸಿ ಬದಲಾದಾಗಲೆಲ್ಲ ಅವನ ಸೇವೆ ಸೊನ್ನೆಯಿಂದ ಶುರು. ಅವನಿಗೆ ಐದು ವರ್ಷದ ಸ್ಮರಣಿಕೆ ಯಾರು ಕೊಡಬೇಕು? ಸಂಸ್ಥೆಯ ಸಂಸ್ಕೃತಿ ಎಂದು ನಾವು ಮಾತಾಡುವಾಗ ಸಂಸ್ಥೆಯ ಗೋಡೆ ಎಲ್ಲಿದೆ ಎಂಬುದನ್ನು ಸಿಬ್ಬಂದಿ ವಿಭಾಗದವರು ಮೊದಲು ಹೇಳಬೇಕು.

ಗೋಡೆಯೇ ಇಲ್ಲದ ದುಡಿಮೆಯೂ ಈಗ ಬಂದಿದೆ. ಊಟ ತಂದುಕೊಡುವ ಹುಡುಗನಿಗೆ ನಾವು ಬಾಗಿಲಲ್ಲಿ ನಿಂತು ನಕ್ಷತ್ರ ಕೊಡುತ್ತೇವೆ. ಜಗತ್ತಿನಲ್ಲಿ ಇಷ್ಟು ಮೆಚ್ಚುಗೆ, ಇಷ್ಟು ಅಂಕ ಪಡೆದ ಕೆಲಸಗಾರ ಹಿಂದೆಂದೂ ಇರಲಿಲ್ಲ. ಕೊಡುವ ನಮಗೆ ಅವನ ಕೆಲಸದ ಗಂಧಗಾಳಿಯಿಲ್ಲ. ಹೋಟೆಲಿನಲ್ಲಿ ತಡವಾಯಿತೋ, ಸಿಲ್ಕ್ ಬೋರ್ಡಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡನೋ, ನಮ್ಮ ಅಪಾರ್ಟ್‌ಮೆಂಟಿನವರೇ ಲಿಫ್ಟ್ ಹತ್ತಬೇಡ ಎಂದರೋ ನಮಗೆ ಗೊತ್ತಿಲ್ಲ. ಸಾರು ಚೆಲ್ಲಿದ್ದಕ್ಕೆ ಎರಡು ನಕ್ಷತ್ರ. ಅದು ಹೋಗಿ ಯಾವುದೋ ಲೆಕ್ಕದಲ್ಲಿ ಸೇರುತ್ತದೆ, ಒಂದು ದಿನ ಅವನ ಐಡಿ ಬಂದ್ ಆಗುತ್ತದೆ. ಮೇಲೆ ಫೋರ್‌ಮನ್ ಇಲ್ಲ, ಕೇಳೋಣವೆಂದರೆ ಡಿಪೋ ಇಲ್ಲ. 2025ರಲ್ಲಿ ಬಂದ ನಮ್ಮ ರಾಜ್ಯದ ಗಿಗ್ ಕಾರ್ಮಿಕರ ಕಾಯ್ದೆ ಇಂಥ ಕೆಲಸಗಾರರಿಗಾಗಿ ಒಂದು ಕಲ್ಯಾಣ ನಿಧಿ ಮಾಡುತ್ತದೆ. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇಕಡಾ 1ರಿಂದ 5ರವರೆಗೆ ಕಂಪನಿಗಳು ಅದಕ್ಕೆ ಕಟ್ಟಬೇಕು. ಪತ್ರಿಕೆಗಳು ಆ ನಿಧಿಯ ಬಗ್ಗೆ ಹೆಚ್ಚು ಬರೆದವು. ನನ್ನ ಕಣ್ಣು ನಿಂತದ್ದು ಬೇರೆ ಕಲಮುಗಳ ಮೇಲೆ: ಕೆಲಸದಿಂದ ತೆಗೆಯುವ ಮುನ್ನ ಕಾರಣ ಬರೆದು 14 ದಿನದ ನೋಟಿಸು ಕೊಡಬೇಕು, ಅಂಕ ಹಾಕುವ ಯಂತ್ರ ಹೇಗೆ ಲೆಕ್ಕ ಹಾಕುತ್ತದೆ ಎಂಬುದನ್ನು ಕಾರ್ಮಿಕನಿಗೆ ತಿಳಿಯುವ ಭಾಷೆಯಲ್ಲಿ ಹೇಳಬೇಕು. ಆ ವಿವರಣೆ ಕನ್ನಡದಲ್ಲಿ ಹೇಗಿರಬೇಕು, ಯಾರು ಬರೆಯಬೇಕು, ಎರಡು ನಕ್ಷತ್ರ ಬಿದ್ದ ಹುಡುಗ ತನ್ನ ಕಡೆಯ ಮಾತನ್ನು ಎಲ್ಲಿ ದಾಖಲಿಸಬೇಕು ಎಂಬುದನ್ನು ಈ ವಿಭಾಗದ ವಿದ್ಯಾರ್ಥಿಗಳು ಈ ವರ್ಷದ ಪ್ರಬಂಧಕ್ಕೆ ಎತ್ತಿಕೊಳ್ಳುವುದಾದರೆ, ನಾನು ವಾರಕ್ಕೊಮ್ಮೆ ಬಂದು ಜೊತೆಗೆ ಕೂರಲು ಸಿದ್ಧ.